ಮಧುಗಿರಿ ಬೆಟ್ಟದಷ್ಟು ದೊಡ್ಡ ಚಂದ್ರ

(1)
ಮೊದಲನೇ ಫೋಟೋ ನನ್ನದಲ್ಲ. ನಿಮ್ಮ ಫೋನಿಗೂ ಬಂದಿರುತ್ತೆ ಬಿಡಿ. ಮಧುಗಿರಿ ಬೆಟ್ಟ, ಅದರ ಹಿಂದೆ ಬೆಟ್ಟದಷ್ಟೇ ದೊಡ್ಡ ಹುಣ್ಣಿಮೆ ಚಂದ್ರ, ಕೆಳಗೆ ಊರಿನ ದೀಪ. 'ನಮ್ಮೂರು ನಮ್ಮ ಹೆಮ್ಮೆ' ಅಂತ ಬರೆದು ನಾನೂ ಸ್ಟೋರಿಗೆ ಹಾಕಿದ್ದೆ. ಅದಾದ ಮೇಲೆ ಒಬ್ಬ ಜೂನಿಯರ್ ಬಂದು, 'ಅಕ್ಕ, ಇದನ್ನ ಎಲ್ಲಿ ನಿಂತು ತೆಗೆದಿರೋದು? ನಾನೂ ಹೋಗ್ತೀನಿ' ಅಂತ ಕೇಳಿದ. ಅವನಿಗೆ ಉತ್ತರ ಕೊಡೋಣ ಅಂತ ಕೂತು ಲೆಕ್ಕ ಹಾಕಿದಾಗ ನನಗೇ ನಾಚಿಕೆಯಾಯಿತು. ಈ ಸರಣಿ ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರ. ಸ್ವಲ್ಪ ಉದ್ದ ಇದೆ, ಟೀ ಇಟ್ಕೊಂಡು ಓದಿ.

(2)
ಲೆಕ್ಕ ಸುಲಭ. ಆಕಾಶದಲ್ಲಿ ಚಂದ್ರನ ಅಗಲ ಹೆಚ್ಚುಕಮ್ಮಿ ಅರ್ಧ ಡಿಗ್ರಿ. ಅಂದರೆ ಒಂದು ವಸ್ತು ಚಂದ್ರನಷ್ಟೇ ದೊಡ್ಡದಾಗಿ ಕಾಣಬೇಕಾದರೆ, ಅದರ ಎತ್ತರದ ಸುಮಾರು 110 ಪಟ್ಟು ದೂರದಲ್ಲಿ ನಾವು ನಿಂತಿರಬೇಕು. ಗೆಳತಿಯನ್ನು ಚಂದ್ರನ ಮುಂದೆ ನಿಲ್ಲಿಸಬೇಕಾ? ಅವಳಿಂದ ಸುಮಾರು 180 ಮೀಟರ್ ಹಿಂದಕ್ಕೆ ಹೋಗಿ. ಕೋಟೆಯ 5 ಮೀಟರ್ ಎತ್ತರದ ಗೋಡೆಯಾದರೆ 550 ಮೀಟರ್.

ಈಗ ಬೆಟ್ಟಕ್ಕೆ ಬನ್ನಿ. ಪೇಟೆಯ ನೆಲದಿಂದ ಅದು ಸುಮಾರು 400 ಮೀಟರ್ ಎದ್ದು ನಿಂತಿದೆ. 110ರಿಂದ ಗುಣಿಸಿ. 44 ಕಿಲೋಮೀಟರ್! ಬೆಟ್ಟದಷ್ಟು ಚಂದ್ರ ಬೇಕು ಅಂದರೆ ಅಷ್ಟು ದೂರ ಹೋಗಬೇಕು, ಅಷ್ಟು ದೂರದಿಂದ ಊರಿನ ದೀಪ ಹಾಗೆ ಒಂದೊಂದಾಗಿ ಕಾಣೋದಿಲ್ಲ. ಪಾವಗಡ ಹೆಚ್ಚುಕಮ್ಮಿ ಅಷ್ಟು ದೂರ ಇದೆ ಅಲ್ವಾ ಅಂತೀರಾ. ಇದೆ, ಆದರೆ ಅಲ್ಲಿಂದ ನೋಡಿದರೆ ಮಧುಗಿರಿ ಇರೋದು ದಕ್ಷಿಣಕ್ಕೆ. ಚಂದ್ರ ದಕ್ಷಿಣದಲ್ಲಿ ಹುಟ್ಟೋದೂ ಇಲ್ಲ, ಮುಳುಗೋದೂ ಇಲ್ಲ. ಕೊರಟಗೆರೆ ಕಡೆಯವರಿಗೆ ಬೆಟ್ಟ ಉತ್ತರಕ್ಕೆ, ಅವರಿಗೂ ಅದೇ ಕಷ್ಟ. ಬೆಟ್ಟದ ಹಿಂದಿನಿಂದ ಚಂದ್ರ ಏಳಬೇಕು ಅಂದರೆ ಶಿರಾ ಕಡೆ ನಿಲ್ಲಬೇಕು, ಬೆಟ್ಟದ ಹಿಂದೆ ಮುಳುಗಬೇಕು ಅಂದರೆ ಗೌರಿಬಿದನೂರು ಕಡೆ.

ಇನ್ನೊಂದು ಸಾಕ್ಷಿ ಮೊಲ. ಹೌದು, ಅಜ್ಜಿ ತೋರಿಸ್ತಿದ್ದ ಅದೇ ಮೊಲ. ನಾವಿರೋದು ಭೂಮಧ್ಯರೇಖೆಗೆ ಹತ್ತಿರ, 14 ಡಿಗ್ರಿಗೂ ಒಳಗೆ. ಹಾಗಾಗಿ ನಮ್ಮೂರಲ್ಲಿ ಚಂದ್ರ ಹುಟ್ಟುವಾಗ ಮಲಗಿಕೊಂಡಂತೆ ಬರುತ್ತಾನೆ. ಅವನ ಉತ್ತರ ನಮ್ಮ ಎಡಕ್ಕೆ, ದಕ್ಷಿಣ ಬಲಕ್ಕೆ, ಮೊಲದ ಕಿವಿ ಮೇಲಕ್ಕೆ. ಮುಳುಗುವಾಗ ಅದೇ ಮೊಲ ತಲೆಕೆಳಗು. ಸುತ್ತಲೂ ಬಿಳಿ ಗೆರೆ ಚೆಲ್ಲಿದಂತೆ ಕಾಣೋ ಟೈಕೊ ಅನ್ನೋ ಕುಳಿ ಚಂದ್ರನ ದಕ್ಷಿಣದಲ್ಲಿದೆ, ಹುಟ್ಟುವ ಚಂದ್ರನಲ್ಲಿ ಅದು ನಮಗೆ ಬಲಗಡೆ ಕಾಣಬೇಕು. ಆ ಫೋಟೋದಲ್ಲಿ ಟೈಕೊ ನೆಟ್ಟಗೆ ಕೆಳಗಿದೆ. ಯಾವುದೋ ದೂರದ ದೇಶದ ಚಂದ್ರನನ್ನು ತಂದು ನಮ್ಮ ಬೆಟ್ಟಕ್ಕೆ ಅಂಟಿಸಿದ್ದಾರೆ ಕಣ್ರೋ.

(3)
ಹೀಗೆ ಆಕಾಶ ನೋಡಿ ಸುಳ್ಳು ಹಿಡಿಯೋದು ಹೊಸದೇನಲ್ಲ. ನಮ್ಮ ನಾಡಿನಲ್ಲೇ ಇದಕ್ಕೊಂದು ಹಳೇ ಕೇಸ್ ಇದೆ, ನನಗೆ ತುಂಬ ಇಷ್ಟ.

ಶಿವಮೊಗ್ಗ ಸೀಮೆಯ ಗೌಜ ಅಗ್ರಹಾರದಲ್ಲಿ ಒಂದು ತಾಮ್ರಶಾಸನ ಸಿಕ್ಕಿತ್ತು. ದಾನ ಕೊಟ್ಟವನು ಯಾರು ಗೊತ್ತಾ? ಜನಮೇಜಯ! ಪರೀಕ್ಷಿತನ ಮಗ, ಸರ್ಪಯಾಗ ಮಾಡಿದನಲ್ಲ, ಅವನೇ. ನಿಜವಾಗಿದ್ದರೆ ಅದು ಸಾವಿರಾರು ವರ್ಷದ ಹಿಂದಿನ ಶಾಸನ ಆಗಬೇಕು. ಆದರೆ ಬರೆದವನು ಒಂದು ಸೂರ್ಯಗ್ರಹಣವನ್ನೂ ಅದರ ತಿಥಿ ವಾರವನ್ನೂ ಸೇರಿಸಿಬಿಟ್ಟಿದ್ದ, ಗ್ರಹಣಕಾಲದಲ್ಲಿ ಕೊಟ್ಟ ದಾನಕ್ಕೆ ಪುಣ್ಯ ಜಾಸ್ತಿ ಅಂತ. ಆ ವಿವರ ಇಂಗ್ಲೆಂಡಿನ ರಾಜಖಗೋಳಜ್ಞ ಜಾರ್ಜ್ ಏರಿಯ ಕೈಗೆ ಹೋಯಿತು. ಅವರು ಲೆಕ್ಕ ಹಾಕಿ ಹೇಳಿದ ದಿನ 1521ರ ಏಪ್ರಿಲ್ 7, ಭಾನುವಾರ. ಅಂದರೆ ಕೃಷ್ಣದೇವರಾಯನ ಕಾಲ! ಸೂರ್ಯನಿಗೆ ಅಡ್ಡ ಬಂದ ಚಂದ್ರನೇ ಜನಮೇಜಯನನ್ನು ವಿಜಯನಗರಕ್ಕೆ ಎಳೆದು ತಂದ.

ಸೋಮಗ್ರಹಣ ಅಂದರೆ ಚಂದ್ರಗ್ರಹಣ. ಅದನ್ನು ಹೇಳಿ ದಾನ ಕೊಟ್ಟ ಶಾಸನಗಳು ಕರ್ನಾಟಕದಲ್ಲಿ ಬೇಕಾದಷ್ಟಿವೆ. ಬಿ. ಎಲ್. ರೈಸ್ ನಮ್ಮ ಜಿಲ್ಲೆಯ ಶಾಸನಗಳನ್ನೆಲ್ಲ ಸೇರಿಸಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ 12ನೇ ಸಂಪುಟವಾಗಿ 1904ರಲ್ಲಿ ತಂದರು. ನಮ್ಮೂರು ಅದರಲ್ಲಿ 'ಮದ್ದಗಿರಿ'. ಆ ಹೊತ್ತಿಗೆ ಗ್ರಹಣದ ಪಟ್ಟಿಗಳೂ ತಯಾರಾಗಿದ್ದವು. ವಿಜಯನಗರದ ಇತಿಹಾಸ ಬರೆದ ರಾಬರ್ಟ್ ಸೀವೆಲ್ ಭಾರತದ ಚಂದ್ರಗ್ರಹಣಗಳ ಮೇಲೆಯೇ 1898ರಲ್ಲಿ ಒಂದು ಪುಸ್ತಕ ಮಾಡಿದ್ದರು. ಶಾಸನದ ತಿಥಿಗೂ ಪಟ್ಟಿಯ ಗ್ರಹಣಕ್ಕೂ ತಾಳೆಯಾದರೆ ಸರಿ, ಆಗಲಿಲ್ಲವೆಂದರೆ ಅನುಮಾನ ಶುರು. ನಮ್ಮ ಕಾಲದಲ್ಲಿ ಖಗೋಳ ವಿಜ್ಞಾನಿ ಬಿ. ಎಸ್. ಶೈಲಜಾ ಅವರು ಗೀತಾ ಕೈದಾಳ ಗಣೇಶ ಅವರ ಜೊತೆ ಇಂಥ ಶಾಸನಗಳನ್ನು ಹುಡುಕಿ ಪುಸ್ತಕ ಮಾಡಿದ್ದಾರೆ. ಹಿಸ್ಟರಿ ಬೋರು ಅನ್ನೋ ಸೈನ್ಸ್ ಹುಡುಗರು, ಸೈನ್ಸ್ ಕಷ್ಟ ಅನ್ನೋ ಆರ್ಟ್ಸ್ ಹುಡುಗರು, ಇಬ್ಬರೂ ನೋಡಬೇಕಾದ ಕೆಲಸ.

(4)
ಫೋಟೋಗೆ ಬರೋಣ. 1840ರಲ್ಲಿ ನ್ಯೂಯಾರ್ಕಿನ ಜಾನ್ ವಿಲಿಯಂ ಡ್ರೇಪರ್ ಬೆಳ್ಳಿ ಲೇಪದ ತಗಡಿನ ಮೇಲೆ ಚಂದ್ರನನ್ನು ಹಿಡಿದರು. ಎಕ್ಸ್‌ಪೋಷರ್ ಸುಮಾರು 20 ನಿಮಿಷ. ಅಷ್ಟರಲ್ಲಿ ಚಂದ್ರ ತನ್ನ ಅಗಲದ ಹತ್ತು ಪಟ್ಟು ಸರಿದಿರುತ್ತಾನೆ, ಅವನ ಜೊತೆಗೇ ಉಪಕರಣವನ್ನೂ ಸರಿಸುತ್ತಾ ಇರಬೇಕು. 1851ರಲ್ಲಿ ವಿಪ್ಪಲ್ ಮತ್ತು ಬಾಂಡ್ ಹಾರ್ವರ್ಡಿನ ದೊಡ್ಡ ದೂರದರ್ಶಕದಿಂದ ತೆಗೆದ ಚಂದ್ರ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಪದಕ ಗೆದ್ದಿತು.

ಆದರೆ ನನಗೆ ಹೆಚ್ಚು ಹಿಡಿಸಿದ್ದು 1874ರ ಒಂದು ಪುಸ್ತಕ. ಜೇಮ್ಸ್ ನಾಸ್ಮಿತ್ ಮತ್ತು ಜೇಮ್ಸ್ ಕಾರ್ಪೆಂಟರ್ ಬರೆದ 'ದಿ ಮೂನ್'. ಅದರ ಕುಳಿಗಳ, ಬೆಟ್ಟಗಳ ಫೋಟೋ ನೋಡಿದರೆ ಅಲ್ಲಿಗೇ ಹೋಗಿ ತೆಗೆದ ಹಾಗಿದೆ. ಆಗಿನ ಫೋಟೋಗಳಲ್ಲಿ ಅಷ್ಟು ವಿವರ ಬರುತ್ತಿರಲಿಲ್ಲ. ಅದಕ್ಕೇ ನಾಸ್ಮಿತ್ ದೂರದರ್ಶಕದಲ್ಲಿ ಕಂಡದ್ದನ್ನು ವರ್ಷಗಟ್ಟಲೆ ಚಿತ್ರ ಬರೆದುಕೊಂಡು, ಪ್ಲಾಸ್ಟರ್‌ನಲ್ಲಿ ಮಾದರಿ ಮಾಡಿ, ಬಿಸಿಲಿಗಿಟ್ಟು ಫೋಟೋ ತೆಗೆದರು. ಅದನ್ನು ಮುಚ್ಚಿಡಲಿಲ್ಲ, ಇವು ಮಾದರಿಯ ಫೋಟೋ ಅಂತ ಪುಸ್ತಕದಲ್ಲೇ ಹೇಳಿದರು. ನನ್ನ ತಕರಾರು ಎಡಿಟ್ ಮಾಡೋದರ ಮೇಲಲ್ಲ. ಎಡಿಟ್ ಮಾಡಿ, ಬೆಟ್ಟದ ಹೆಸರು ಹಾಕಿ, 'ನಿನ್ನೆ ಸಂಜೆ ತೆಗೆದಿದ್ದು' ಅನ್ನೋದರ ಮೇಲೆ. ನಾನಂತೂ ಹೇಳಿದ್ದೂ ಅದನ್ನೇ.

ಈಗ ಕೆಲವು ಫೋನುಗಳೇ ಈ ಕೆಲಸ ಮಾಡುತ್ತವೆ. 2023ರಲ್ಲಿ ಒಬ್ಬರು ಚಂದ್ರನ ಚಿತ್ರವನ್ನು ಬೇಕಂತಲೇ ಮಸುಕು ಮಾಡಿ, ಕಂಪ್ಯೂಟರ್ ಪರದೆಯ ಮೇಲಿಟ್ಟು, ದೂರದಿಂದ ಫೋನಿನಲ್ಲಿ ಜೂಮ್ ಮಾಡಿ ತೆಗೆದರು. ಪರದೆಯಲ್ಲಿ ಇಲ್ಲದ ಕುಳಿಗಳು ಫೋಟೋದಲ್ಲಿ ಬಂದವು!

ಇನ್ನು ಆನ್ಸೆಲ್ ಆಡಮ್ಸ್. ಅಮೆರಿಕದ ಹರ್ನಾಂಡೆಜ್ ಅನ್ನೋ ಹಳ್ಳಿಯ ಮೇಲೆ ಚಂದ್ರ ಏಳೋ ಅವರ ಫೋಟೋ ಲೋಕಪ್ರಸಿದ್ಧ. ಬೆಳಕು ಹೋಗ್ತಾ ಇತ್ತು, ಲೈಟ್ ಮೀಟರ್ ಕೈಗೆ ಸಿಗಲಿಲ್ಲ, ಚಂದ್ರನ ಪ್ರಕಾಶ ಎಷ್ಟು ಅನ್ನೋ ಅಂಕಿ ನೆನಪಿದ್ದದ್ದರಿಂದ ಎಕ್ಸ್‌ಪೋಷರ್ ಲೆಕ್ಕ ಹಾಕಿದರು. ಅಷ್ಟು ನೆನಪಿಟ್ಟ ಮನುಷ್ಯ ಯಾವ ವರ್ಷ ತೆಗೆದದ್ದು ಅನ್ನೋದನ್ನೇ ಮರೆತರು, ಒಂದೊಂದು ಸಲ ಒಂದೊಂದು ಇಸವಿ ಹೇಳುತ್ತಿದ್ದರು. ಕೊನೆಗೆ ಫೋಟೋದಲ್ಲಿ ಚಂದ್ರ ಇರೋ ಜಾಗ ಅಳೆದು ಖಗೋಳದವರು ಕಂಡುಹಿಡಿದ ದಿನ 1941ರ ನವೆಂಬರ್ 1, ಸಂಜೆ 4 ಗಂಟೆ 49 ನಿಮಿಷ. ಗೌಜದ ಶಾಸನಕ್ಕೆ ಮಾಡಿದ್ದನ್ನೇ ಇಲ್ಲೂ ಮಾಡಿದ್ದು, ಅಷ್ಟೇ.

(5)
ಉದ್ದ ಲೆನ್ಸ್ ಅಂದಾಗ ಇದೊಂದು ಹೇಳಲೇಬೇಕು. 1968ರ ಡಿಸೆಂಬರ್ 24ರಂದು ಅಪೊಲೊ 8ರಲ್ಲಿ ಚಂದ್ರನ ಸುತ್ತ ಹೋಗುತ್ತಿದ್ದ ವಿಲಿಯಂ ಆ್ಯಂಡರ್ಸ್, ಚಂದ್ರನ ಅಂಚಿನಿಂದ ಭೂಮಿ ಮೇಲೆ ಬರೋದನ್ನು 250 ಎಂಎಂ ಲೆನ್ಸಿನಲ್ಲಿ ತೆಗೆದರು. ನಾನು ಬಾಡಿಗೆಗೆ ತಂದದ್ದು 300 ಎಂಎಂ. (ಹೋಲಿಕೆ ಅಲ್ಲಿಗೇ ಮುಗೀತು.)

ನಮ್ಮವರ ಕ್ಯಾಮೆರಾನೂ ಅಲ್ಲಿದೆ. 2008ರ ಚಂದ್ರಯಾನ-1ರ ಭೂಪಟ ಕ್ಯಾಮೆರಾ ತೆಗೆದದ್ದು ರೇಡಿಯೋ ಅಲೆಯಾಗಿ ಬಂದು ಇಳಿದದ್ದು ಬೆಂಗಳೂರು ಹತ್ತಿರದ ಬ್ಯಾಲಾಳಿನ 32 ಮೀಟರ್ ಅಗಲದ ಆಂಟೆನಾಕ್ಕೆ. 2023ರ ಆಗಸ್ಟ್ 23ರ ಸಂಜೆ ವಿಕ್ರಮ್ ಇಳಿದ ಮೇಲೆ, ನೆಲದಲ್ಲಿ ನಿಂತ ಅವನನ್ನು ಮೇಲಿಂದ ಫೋಟೋ ತೆಗೆದದ್ದು ಚಂದ್ರಯಾನ-2. ಆ ಕ್ಯಾಮೆರಾಗೆ 25 ಸೆಂಟಿಮೀಟರಿನಷ್ಟು ಸಣ್ಣ ಗುರುತೂ ಕಾಣುತ್ತೆ.

(6)
ಕೊನೇ ಫೋಟೋ ನನ್ನದು. ಶಿರಾ ರಸ್ತೆ ಕಡೆ, ಬೆಟ್ಟದಿಂದ ಸುಮಾರು 6 ಕಿಲೋಮೀಟರ್ ದೂರ, ಒಂದು ಕಡಲೆಕಾಯಿ ಹೊಲದ ಬದು. ಹೊಲದ ಯಜಮಾನರನ್ನು ಕೇಳಿಕೊಂಡೇ ನಿಂತದ್ದು. 'ಚಂದ್ರನ್ನ ನೋಡೋಕೆ ಇಷ್ಟು ಸಾಮಾನಾ?' ಅಂದರು. ಹುಣ್ಣಿಮೆ ಚಂದ್ರ ಹುಟ್ಟೋ ಜಾಗ ವರ್ಷವಿಡೀ ಸರಿಯುತ್ತಾ ಇರುತ್ತೆ, ಚಳಿಗಾಲದಲ್ಲಿ ಈಶಾನ್ಯಕ್ಕೆ, ಜೂನ್ ಹೊತ್ತಿಗೆ ಆಗ್ನೇಯಕ್ಕೆ. ಅದಕ್ಕೆ ಎರಡು ಹುಣ್ಣಿಮೆ ತಪ್ಪು ಬದುವಿನಲ್ಲಿ ನಿಂತು ವಾಪಸ್ ಬಂದೆ, ಒಂದು ಮೋಡಕ್ಕೆ ಹೋಯಿತು. ನಾಲ್ಕನೇದು ಇದು.

ಸೆಟ್ಟಿಂಗ್ ಕೇಳ್ತೀರಲ್ಲ: ಐಎಸ್‌ಒ 100, ಎಫ್/8, ಸೆಕೆಂಡಿನ 200ನೇ ಒಂದು ಭಾಗ. ರಾತ್ರಿ ಅಂತ ಎಕ್ಸ್‌ಪೋಷರ್ ಜಾಸ್ತಿ ಇಟ್ಟರೆ ಚಂದ್ರ ಬಿಳಿ ಬಲ್ಬ್ ಆಗ್ತಾನೆ. ಅಲ್ಲಿ ಬಿದ್ದಿರೋದು ಬಿಸಿಲು, ಹಗಲಿನ ಲೆಕ್ಕವೇ ಇಡಬೇಕು. ಕುಳಿ ಚೆನ್ನಾಗಿ ಬೇಕು ಅಂದರೆ ಹುಣ್ಣಿಮೆ ಬಿಟ್ಟು ಅಷ್ಟಮಿ ಹೊತ್ತಿಗೆ ಹೋಗಿ, ನೆರಳು ಉದ್ದ ಬೀಳುತ್ತೆ.

ಚಂದ್ರ ಸಣ್ಣದಿದ್ದಾನೆ, ಗೊತ್ತು. ಬೆಟ್ಟದ ಎತ್ತರದ ಏಳರಲ್ಲಿ ಒಂದು ಪಾಲು. 300ರ ಲೆನ್ಸಿನಲ್ಲಿ ಸೆನ್ಸರ್ ಮೇಲೆ ಅವನು ಬೀಳೋದು 3 ಮಿಲಿಮೀಟರಿಗೂ ಕಮ್ಮಿ. ಆದರೆ ಜೂಮ್ ಮಾಡಿ ನೋಡಿ: ಟೈಕೊ ಬಲಗಡೆ ಇದೆ, ಮೊಲದ ಕಿವಿ ಮೇಲಿದೆ, ಚಂದ್ರನ ಕೆಳ ಅಂಚಿನಲ್ಲಿ ಕೋಟೆ ಗೋಡೆಯ ಒಂದು ತುಂಡು ಕಪ್ಪಗೆ ನಿಂತಿದೆ.

ಆ ಜೂನಿಯರ್‌ಗೆ ಜಾಗದ ಲೊಕೇಶನ್ ಕಳಿಸಿದೀನಿ. ಹಳೇ ಸ್ಟೋರಿ ಎಷ್ಟೋ ಜನ ಶೇರ್ ಮಾಡಿಕೊಂಡಿದ್ರಿ, ಅದರ ಜೊತೆ ಇದನ್ನೂ ಹಾಕಿ. ಬೆಳೆ ಇರುವಾಗ ಬದು ಬಿಟ್ಟು ಹೊಲಕ್ಕೆ ಇಳಿಬೇಡಿ, ಯಜಮಾನರಿಗೆ ಮಾತು ಕೊಟ್ಟಿದೀನಿ.