ಪ್ಲಗ್ಗಿನ ಸಾಕ್ಷ್ಯ

ಮೋಟಾರು ಗಾಡಿಯು ಏರಿನಲ್ಲಿ ತಡವರಿಸಿ ಕುಂಟತೊಡಗಿದರೆ, ಎಂಜಿನ್ನು ‘ಮಿಸ್’ ಆಗುತ್ತಿದೆಯೆಂದು ನಾವು ಹೇಳುತ್ತೇವೆ. ಯಾವುದೋ ಒಂದು ಸಿಲಿಂಡರಿನಲ್ಲಿ ಪೆಟ್ರೋಲಿನ ಆವಿಯು ಸರಿಯಾಗಿ ಹೊತ್ತಿಕೊಳ್ಳಲಿಲ್ಲವೆಂದು ಅದರ ಅರ್ಥ. ಒಡನೆಯೇ ಸ್ಪಾರ್ಕ್ ಪ್ಲಗ್ಗನ್ನು ಬದಲಾಯಿಸುವುದು ವಾಡಿಕೆ. ಆದರೆ ನಾವು ಅಪರಾಧಿಯೆಂದು ಹೊರಗೆಸೆಯುವ ಆ ಪ್ಲಗ್ಗು ಅನೇಕ ವೇಳೆ ಕೇವಲ ಸಾಕ್ಷಿಯಾಗಿರುತ್ತದೆ. ಅದರ ಚರಿತ್ರೆಯೇ ಇದನ್ನು ತಿಳಿಸುವುದು.

1860ರಲ್ಲಿ ಪ್ಯಾರಿಸಿನ ಎಟಿಯೆನ್ ಲೆನ್ವಾರನು ತನ್ನ ಅನಿಲ ಎಂಜಿನ್ನನ್ನು ವಿದ್ಯುತ್ ಕಿಡಿಯಿಂದ ನಡೆಸಿದನು. ಆದರೆ ಅಂದಿನ ಕಿಡಿಯು ನೆಚ್ಚತಕ್ಕದ್ದಾಗಿರಲಿಲ್ಲ. 1880ರ ದಶಕದಲ್ಲಿ ಡೈಮ್ಲರನು ಕೆಂಪಗೆ ಕಾಯಿಸಿದ ಕೊಳವೆಯನ್ನೇ ಆಶ್ರಯಿಸಬೇಕಾಯಿತು. 1902ರಲ್ಲಿ ಸ್ಟುಟ್‌ಗಾರ್ಟಿನ ಬಾಷ್ ಕಾರ್ಖಾನೆಯಲ್ಲಿದ್ದ ಗಾಟ್ಲೋಬ್ ಹೊನೋಲ್ಡನು ಅಧಿಕ ವೋಲ್ಟೇಜಿನ ಮ್ಯಾಗ್ನೆಟೊವನ್ನೂ ಅದಕ್ಕೊಪ್ಪುವ ಪ್ಲಗ್ಗನ್ನೂ ಸಿದ್ಧಪಡಿಸಿದ ಮೇಲೆ ಕಿಡಿಯ ಪಕ್ಷವು ಗೆದ್ದಿತು.

ಪ್ಲಗ್ಗಿನ ರಚನೆ ಸರಳವಾದುದು. ನಡುವಣ ಲೋಹದ ಕಡ್ಡಿಗೂ ಹೊರಗಣ ಉಕ್ಕಿನ ಕವಚಕ್ಕೂ ಮಧ್ಯೆ ಪಿಂಗಾಣಿಯ ತಡೆ. ತುದಿಯಲ್ಲಿ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಆಸುಪಾಸಿನ ತೆರಪು. ಪಿಂಗಾಣಿಯ ಮೇಲೆ ಮಸಿ ಕಟ್ಟಿದರೆ ವಿದ್ಯುತ್ತು ಆ ತೆರಪನ್ನು ಹಾರದೆ ಮಸಿಯ ಹಾದಿಯಲ್ಲೇ ಸೋರಿಹೋಗುವುದು. ಬಿಚ್ಚಿದ ಪ್ಲಗ್ಗಿನಲ್ಲಿ ಒಣ ಮಸಿಯಿದ್ದರೆ ಗಾಳಿಗಿಂತ ಪೆಟ್ರೋಲು ಹೆಚ್ಚಾಗಿದೆಯೆಂದು ಶಂಕಿಸಬೇಕು. ಎಣ್ಣೆಯ ಜಿಡ್ಡಿದ್ದರೆ ಪಿಸ್ಟನ್ ರಿಂಗುಗಳು ಸವೆದಿರಬಹುದು. ಮೂಲವನ್ನು ಸರಿಪಡಿಸದಿದ್ದರೆ ಹೊಸ ಪ್ಲಗ್ಗಿಗೂ ಅದೇ ಗತಿ.

ಈ ಸಾಕ್ಷ್ಯವನ್ನು ಕಡೆಗಣಿಸಿದ ಒಂದು ದೊಡ್ಡ ನಿದರ್ಶನವುಂಟು. 1921ರಲ್ಲಿ ಅಮೆರಿಕದ ತಾಮಸ್ ಮಿಜ್ಲಿಯು ಎಂಜಿನ್ನಿನ ಬಡಿತವನ್ನು ಅಡಗಿಸುವ ಒಂದು ಸೀಸದ ಸಂಯುಕ್ತವನ್ನು ಕಂಡುಕೊಂಡನು. ಪೆಟ್ರೋಲಿನೊಡನೆ ಉರಿದ ಆ ಸೀಸವು ಪ್ಲಗ್ಗುಗಳಿಗೂ ವಾಲ್ವುಗಳಿಗೂ ಅಂಟಿಕೊಂಡಿತು. ಅದಕ್ಕೆ ಪರಿಹಾರವಾಗಿ ಬ್ರೋಮಿನಿನ ಸಂಯುಕ್ತವೊಂದನ್ನು ಬೆರಸಿದರು. ಸೀಸವು ಹೊಗೆಯೊಡನೆ ಹೊರಟುಹೋಯಿತು, ಪ್ಲಗ್ಗು ಶುದ್ಧವಾಯಿತು, ಬೀದಿಯ ಗಾಳಿ ಕೆಟ್ಟಿತು. 1924ರಲ್ಲಿ ನ್ಯೂಜೆರ್ಸಿಯಲ್ಲಿ ಈ ಸಂಯುಕ್ತವನ್ನು ತಯಾರಿಸುತ್ತಿದ್ದ ಐವರು ಕಾರ್ಮಿಕರು ವಿಷವೇರಿ ಸತ್ತರು. ಆದರೂ ಮಾರಾಟವು ದಶಕಗಳ ಕಾಲ ನಡೆಯಿತು. ಎಳೆಯ ಮಕ್ಕಳ ಮಿದುಳಿಗೆ ಸೀಸವು ಮಾಡುವ ಕೇಡು ಸ್ಪಷ್ಟವಾಗಿ ತಿಳಿದುಬಂದ ಮೇಲೆ ರಾಷ್ಟ್ರಗಳು ಒಂದೊಂದಾಗಿ ಅದನ್ನು ಕೈಬಿಟ್ಟುವು. ಭಾರತದಲ್ಲಿ 2000ದಲ್ಲಿ ಅದು ನಿಂತಿತು. ಮೋಟಾರು ಗಾಡಿಗಳಿಗೆ ಅದನ್ನು ಮಾರುತ್ತಿದ್ದ ಕಡೆಯ ದೇಶವಾದ ಅಲ್ಜೀರಿಯದಲ್ಲಿ 2021ರಲ್ಲಿ.

ಎಂಜಿನ್ನಿಗೆ ಅಂಟಿದ ಕೊಳೆಯನ್ನು ಕಂಡವರು ಅದನ್ನು ಕಳೆಯುವ ಉಪಾಯವನ್ನು ಹುಡುಕಿದರೇ ಹೊರತು, ಕಳೆದ ಕೊಳೆಯು ಎಲ್ಲಿಗೆ ಹೋಯಿತೆಂದು ಸಾಕಷ್ಟು ವಿಚಾರಿಸಲಿಲ್ಲ. ಆದಕಾರಣ, ಗಾಡಿ ಕುಂಟಿದಾಗ ಪ್ಲಗ್ಗುಗಳನ್ನು ಯಾವ ಯಾವ ಸಿಲಿಂಡರಿನವೆಂದು ಗುರುತಿಟ್ಟು ಬಿಚ್ಚೋಣ; ಎಸೆಯುವ ಮೊದಲು ಒಮ್ಮೆ ಬೆಳಕಿಗೆ ಹಿಡಿದು ನೋಡೋಣ.