ದ್ರಾವಿಡ ಭಾಷಾಧ್ಯಯನದ ಅಂತರ್ಜಾಲ ಆಕರಗಳು

ದ್ರಾವಿಡ ಭಾಷೆಗಳ ಪದಸಂಪತ್ತು, ವ್ಯಾಕರಣ, ಉಚ್ಚಾರಣೆ ಮತ್ತು ಹಳೆಯ ಪಠ್ಯಗಳನ್ನು ಅಂತರ್ಜಾಲದಲ್ಲಿ ಒದಗಿಸುವ ನಿಘಂಟುಗಳು, ದತ್ತಸಂಚಯಗಳು ಮತ್ತು ಧ್ವನಿಮುದ್ರಿಕೆಗಳನ್ನು ಒಟ್ಟಾಗಿ ದ್ರಾವಿಡ ಭಾಷಾಧ್ಯಯನದ ಅಂತರ್ಜಾಲ ಆಕರಗಳು ಎಂದು ಕರೆಯಬಹುದು. ಇವುಗಳಲ್ಲಿ ಕೆಲವು ಅಚ್ಚಾದ ಗ್ರಂಥಗಳ ಗಣಕರೂಪ, ಉಳಿದವು ಜಾಲಕ್ಕಾಗಿಯೇ ಸಿದ್ಧವಾದವು. ದೊಡ್ಡ ವಿಶ್ವವಿದ್ಯಾಲಯಗಳ ಗ್ರಂಥಾಲಯದಲ್ಲಷ್ಟೇ ಸಿಗುತ್ತಿದ್ದ ಸಂಪುಟಗಳನ್ನು ಇಂದು ಹಳ್ಳಿಯ ಕಾಲೇಜಿನ ವಿದ್ಯಾರ್ಥಿಯೂ ಮೊಬೈಲಿನಲ್ಲೇ ತೆರೆದು ನೋಡಬಹುದು. ಆದರೆ ಒಂದು ಆಕರ ಸಾಕ್ಷ್ಯವನ್ನು ಕೊಡುತ್ತಿದೆಯೋ, ಆ ಸಾಕ್ಷ್ಯದ ಮೇಲೆ ಕಟ್ಟಿದ ಊಹೆಯನ್ನು ಕೊಡುತ್ತಿದೆಯೋ ಎಂಬುದನ್ನು ಬಳಸುವವರು ಮೊದಲೇ ತಿಳಿದಿರಬೇಕು. ಈ ವ್ಯತ್ಯಾಸ ಗಮನಿಸದೆ ಬರೆದ ಪದವ್ಯುತ್ಪತ್ತಿಯ ಲೇಖನಗಳು ಕನ್ನಡದಲ್ಲಿ ಕಡಿಮೆಯೇನಿಲ್ಲ.

ಈ ಆಕರಗಳಲ್ಲಿ ಮೊದಲ ಸ್ಥಾನ ಟಿ. ಬರೋ ಮತ್ತು ಎಂ. ಬಿ. ಎಮಿನೋ ಸಂಪಾದಿಸಿದ ದ್ರಾವಿಡ ವ್ಯುತ್ಪತ್ತಿ ನಿಘಂಟಿಗೆ ಸಲ್ಲುತ್ತದೆ. ಬರೋ ಆಕ್ಸ್‌ಫರ್ಡಿನಲ್ಲಿ ಸಂಸ್ಕೃತದ ಪ್ರಾಧ್ಯಾಪಕರಾಗಿದ್ದವರು. ಎಮಿನೋ ಕೆನಡಾದಲ್ಲಿ ಹುಟ್ಟಿ ಅಮೆರಿಕದ ಬರ್ಕ್ಲಿಯಲ್ಲಿ ನೆಲೆಸಿದವರು. 1935ರಿಂದ 1938ರವರೆಗೆ ಭಾರತದಲ್ಲಿದ್ದು ನೀಲಗಿರಿಯ ತೋಡ, ಕೋತ, ಬಡಗ ಭಾಷೆಗಳನ್ನೂ ಕೊಡವ, ಕೋಲಾಮಿ ಭಾಷೆಗಳನ್ನೂ ಆಡುವವರ ಬಾಯಿಂದಲೇ ಕೇಳಿ ಬರೆದುಕೊಂಡವರು. ನಿಘಂಟಿನ ಮೊದಲ ಮುದ್ರಣ 1961ರಲ್ಲಿ, ಪುರವಣಿ 1968ರಲ್ಲಿ, ಪರಿಷ್ಕೃತ ಮುದ್ರಣ 1984ರಲ್ಲಿ ಬಂದವು. ಅಷ್ಟು ಹೊತ್ತಿಗೆ ಮಧ್ಯಭಾರತದ ಬೆಟ್ಟಗಾಡುಗಳ ಪೆಂಗೊ, ಮಂಡದಂಥ ಭಾಷೆಗಳ ಸಾಮಗ್ರಿ ಹೊಸದಾಗಿ ಸೇರಿತ್ತು. ಪರಿಷ್ಕೃತ ಮುದ್ರಣದಲ್ಲಿ 5,557 ನಮೂದುಗಳಿವೆ. ಷಿಕಾಗೋ ವಿಶ್ವವಿದ್ಯಾಲಯದ ‘ದಕ್ಷಿಣ ಏಷ್ಯಾದ ಡಿಜಿಟಲ್ ನಿಘಂಟುಗಳು’ ಯೋಜನೆ ಇದನ್ನು ಶೋಧಕ್ಕೆ ಒಗ್ಗುವಂತೆ ಜಾಲಕ್ಕೆ ತಂದಿದೆ. ಯಾರು ಬೇಕಾದರೂ ಹಣ ಕೊಡದೆ ನೋಡಬಹುದು.

ಒಂದೇ ಮೂಲದಿಂದ ಬಂದ ಮಾತುಗಳನ್ನು ಈ ನಿಘಂಟು ಒಂದು ಸಂಖ್ಯೆಯಡಿ ಗುಂಪುಮಾಡುತ್ತದೆ. ಪ್ರತಿ ನಮೂದಿನಲ್ಲೂ ತಮಿಳು, ಮಲಯಾಳಂ, ಕೋತ, ತೋಡ, ಕನ್ನಡ, ಕೊಡವ, ತುಳು, ತೆಲುಗು ಎಂದು ತೆಂಕಣದಿಂದ ಹೊರಟು, ಗೋಂಡಿ, ಕೂಯಿಗಳನ್ನು ಹಾದು, ಬಡಗಣದ ಕುಡುಖ್, ಮಾಲ್ತೊ ಮತ್ತು ಬಲೂಚಿಸ್ತಾನದ ಬ್ರಾಹೂಯಿವರೆಗೆ ಕ್ರಮವಾಗಿ ಸಾಗುತ್ತದೆ. ಯಾವ ಭಾಷೆಯಲ್ಲಿ ಮಾತು ಸಿಕ್ಕಿಲ್ಲವೋ ಆ ಭಾಷೆಯ ಹೆಸರೇ ಅಲ್ಲಿರುವುದಿಲ್ಲ. ತಮಿಳು ರೂಪ ಮೊದಲಿಗೆ ನಿಂತಿದೆಯೆಂದು ಅದೇ ತಾಯಿರೂಪವೆಂದು ತಿಳಿಯಬಾರದು. ಅದು ಜೋಡಣೆಯ ಅನುಕೂಲ ಮಾತ್ರ.

ಕನ್ನಡಿಗರು ಇಲ್ಲಿ ಎಡವುವುದು ಅಕ್ಷರಕ್ರಮದಲ್ಲಿ. ‘ಹಾಲು’ ಎಂಬ ಮಾತನ್ನು ಹಕಾರದಡಿ ಹುಡುಕಿದರೆ ಸಿಗದು. ಹಳಗನ್ನಡದ ಪಕಾರ ಸುಮಾರು 10ನೆಯ ಶತಮಾನದಿಂದ ಹಕಾರವಾಗತೊಡಗಿತು. ಒಡನಾಡಿ ಭಾಷೆಗಳಲ್ಲಿ ಪಕಾರವೇ ಉಳಿಯಿತು. ಆದ್ದರಿಂದ ತಮಿಳಿನ ಪಾಲ್, ತೆಲುಗಿನ ಪಾಲು, ತುಳುವಿನ ಪೇರ್‌ಗಳ ಜೊತೆಗೆ ನಮ್ಮ ಹಾಲೂ ಪಕಾರದಲ್ಲಿದೆ. ಹಾಗೆಯೇ ಬೇರು, ಬಿಲ್ಲು, ಬರು ಇವೆಲ್ಲ ವಕಾರದಡಿ ಬರುತ್ತವೆ. ಇನ್ನೊಂದು ತೊಡಕು ಲಿಪ್ಯಂತರದ್ದು. ಹಳಗನ್ನಡದ ೞಕಾರವನ್ನು ಬರೋ–ಎಮಿನೋ ಕೆಳಗೆ ಚುಕ್ಕೆಯಿಟ್ಟ ರೋಮನ್ ‘ಆರ್’ ಅಕ್ಷರದಿಂದ ಬರೆದರೆ, ಬೇರೆ ಹಲವರು ಅಡಿಗೆರೆ ಎಳೆದ ‘ಎಲ್’ ಅಕ್ಷರದಿಂದ ಬರೆಯುತ್ತಾರೆ. ಒಂದು ಕಡೆ ಸಿಕ್ಕಿದ ಮಾತು ಇನ್ನೊಂದು ಕಡೆ ಇಲ್ಲವೆಂದು ಕಾಣುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಹೊಸಬರು ಇಂಗ್ಲಿಷ್ ಅರ್ಥವನ್ನು ಟೈಪಿಸಿ ಇಡೀ ಪಠ್ಯದಲ್ಲಿ ಹುಡುಕುವುದು ಮೇಲು. ಹಾಲಿನ ಇಂಗ್ಲಿಷ್ ಮಾತನ್ನು ಕೊಟ್ಟರೆ ಹಾಲು ಕರೆಯುವುದಕ್ಕೆ ಸಂಬಂಧಿಸಿದ ನಮೂದುಗಳೂ ಜೊತೆಗೇ ಬರುತ್ತವೆ, ಹೈನದ ಬದುಕಿನ ಒಂದು ಪದಸಮೂಹವೇ ಕಣ್ಣೆದುರು ತೆರೆದುಕೊಳ್ಳುತ್ತದೆ.

ಬರೋ ಮತ್ತು ಎಮಿನೋ ಮೂಲದ್ರಾವಿಡ ರೂಪಗಳನ್ನು ಕಟ್ಟಿಕೊಡಲಿಲ್ಲ. ಇದು ಬೇಕೆಂದೇ ಪಾಲಿಸಿದ ಸಂಯಮ, ನಿಘಂಟಿನ ಬಾಳಿಕೆಗೆ ಇದೇ ದೊಡ್ಡ ಕಾರಣವೆನ್ನಬೇಕು. ರಷ್ಯಾದ ಸೆರ್ಗೇಯ್ ಸ್ಟಾರೋಸ್ಟಿನ್ ಆರಂಭಿಸಿದ ‘ಬಾಬೆಲ್ ಗೋಪುರ’ ಜಾಲತಾಣ ಇದಕ್ಕೆ ತೀರ ಭಿನ್ನ. ಅಲ್ಲಿನ ದ್ರಾವಿಡ ಭಾಗವನ್ನು ಅವರ ಮಗ ಗಿಯೋರ್ಗಿ ಸ್ಟಾರೋಸ್ಟಿನ್ ಸಿದ್ಧಪಡಿಸಿದ್ದು, ಪ್ರತಿ ಗುಂಪಿಗೂ ಪುನರ್ರಚಿತ ಮೂಲರೂಪವಿದೆ. ಹೋಲಿಕೆಗೆ ಇದು ಅನುಕೂಲ, ನಿಜ. ಆದರೆ ಅಲ್ಲಿ ಕಾಣುವ ಮೂಲರೂಪ ಒಬ್ಬ ವಿದ್ವಾಂಸರ ತೀರ್ಮಾನ. ಶಾಸನದಲ್ಲಿ ಕೆತ್ತಿದ ಮಾತಿನಂತೆ ಅದನ್ನು ಉದ್ಧರಿಸುವುದು ಸಲ್ಲದು. ಎರಡನ್ನೂ ಅಕ್ಕಪಕ್ಕ ತೆರೆದಿಟ್ಟುಕೊಂಡು ಓದುವುದೇ ಸರಿಯಾದ ಕ್ರಮ.

ಷಿಕಾಗೋದ ಅದೇ ತಾಣದಲ್ಲಿ ಮದರಾಸು ವಿಶ್ವವಿದ್ಯಾಲಯದ ತಮಿಳು ನಿಘಂಟು, ಗುಂಡರ್ಟರ ಮಲಯಾಳಂ ನಿಘಂಟು, ಬ್ರೌನರ ತೆಲುಗು ನಿಘಂಟು, ಮೋಲ್ಸ್‌ವರ್ತ್‌ರ ಮರಾಠಿ ನಿಘಂಟು ಮತ್ತು ಟರ್ನರರ ಇಂಡೋ–ಆರ್ಯನ್ ತೌಲನಿಕ ನಿಘಂಟು ಸಿಗುತ್ತವೆ. ಕನ್ನಡದ ಒಂದು ಮಾತು ದೇಶ್ಯವೋ ಪ್ರಾಕೃತದಿಂದ ಬಂದದ್ದೋ ಎಂಬ ಜಿಜ್ಞಾಸೆಯಲ್ಲಿ ಟರ್ನರರನ್ನು ನೋಡದೆ ಮುಂದುವರಿಯುವಂತಿಲ್ಲ. ಗ್ರಿಯರ್ಸನ್ನರ ಭಾರತೀಯ ಭಾಷಾ ಸಮೀಕ್ಷೆಯ ಸಂಪುಟಗಳೂ ಆ ಕಾಲದ ಗ್ರಾಮಾಫೋನ್ ಮುದ್ರಿಕೆಗಳೂ ಜಾಲದಲ್ಲಿವೆ. ದ್ರಾವಿಡ ಭಾಷೆಗಳಿರುವ 4ನೆಯ ಸಂಪುಟ 1906ರದ್ದು. ಮದರಾಸು ಪ್ರಾಂತ, ಮೈಸೂರು ಮತ್ತು ಹೈದರಾಬಾದ್ ಸಂಸ್ಥಾನಗಳು ಆ ಸಮೀಕ್ಷೆಗೆ ಒಳಪಡಲಿಲ್ಲವಾದ್ದರಿಂದ, ಕನ್ನಡದ ಉಪಭಾಷೆಗಳಿಗೆ ಅದೊಂದನ್ನೇ ನಂಬಿ ಕೂರಲಾಗದು.

ಕನ್ನಡಕ್ಕೇ ಮೀಸಲಾದ ಹಳೆಯ ಆಕರಗಳಲ್ಲಿ ಒಂದು 1894ರ ಕಿಟ್ಟೆಲ್ ನಿಘಂಟು. ಮಂಗಳೂರಿನ ಬಾಸೆಲ್ ಮಿಷನ್ ಪ್ರಕಟಿಸಿದ ಇದರ ಸ್ಕ್ಯಾನ್ ಪ್ರತಿಗಳು ಮುಕ್ತವಾಗಿ ಸಿಗುತ್ತವೆ. ಕನ್ನಡ ಸಾಹಿತ್ಯ ಪರಿಷತ್ತು 1970ರಿಂದ 1995ರ ನಡುವೆ ಹೊರತಂದ ಎಂಟು ಸಂಪುಟಗಳ ನಿಘಂಟು ಶಾಸನ, ಕಾವ್ಯಗಳಿಂದ ಪ್ರಯೋಗಗಳನ್ನು ಎತ್ತಿಕೊಡುವುದರಿಂದ ಚರಿತ್ರೆಯ ದೃಷ್ಟಿಯಿಂದ ಅದಕ್ಕೆ ಸಾಟಿಯಿಲ್ಲ. ವಿ. ಕೃಷ್ಣ ಅವರು ಸುಮಾರು ನಾಲ್ಕು ದಶಕ ಒಬ್ಬರೇ ದುಡಿದು ಸಿದ್ಧಪಡಿಸಿದ ಕನ್ನಡ–ಇಂಗ್ಲಿಷ್ ನಿಘಂಟು ‘ಅಲರ್’ ಎಂಬ ಹೆಸರಿನಲ್ಲಿ 2019ರಲ್ಲಿ ಜಾಲಕ್ಕೆ ಬಂತು. ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿರುವ ಇದರ ಇಡೀ ದತ್ತಾಂಶವನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟಿರುವುದು ಕನ್ನಡದ ಮಟ್ಟಿಗೆ ದೊಡ್ಡ ಔದಾರ್ಯ. ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥಾನ ನಡೆಸುವ, 2016ರಲ್ಲಿ ಆರಂಭವಾದ ‘ಭಾರತವಾಣಿ’ಯಲ್ಲಿ ಪಾರಿಭಾಷಿಕ ಕೋಶಗಳೂ ಸೇರಿದಂತೆ ಹಲವು ಭಾಷೆಗಳ ನಿಘಂಟುಗಳಿವೆ. ‘ವಚನ ಸಂಚಯ’ ನಿಘಂಟಲ್ಲದಿದ್ದರೂ ಭಾಷಾಶಾಸ್ತ್ರದ ವಿದ್ಯಾರ್ಥಿಗೆ ಅಷ್ಟೇ ಬೆಲೆಯುಳ್ಳದ್ದು. ಒಂದು ಪದ ಯಾವ ಯಾವ ವಚನಕಾರರಲ್ಲಿ ಎಲ್ಲೆಲ್ಲಿ ಬಂದಿದೆಯೆಂದು ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳಲ್ಲಿ ಅದು ಕ್ಷಣದಲ್ಲಿ ಹುಡುಕಿಕೊಡುತ್ತದೆ.

ಕನ್ನಡದ ಈ ಸಿರಿಯ ದೊಡ್ಡ ಪಾಲು ಇನ್ನೂ ಬೀಗದೊಳಗಿದೆ. ಸ್ಕ್ಯಾನ್ ಮಾಡಿದ ಪುಟ ಬರಿಯ ಚಿತ್ರ, ಅದರಲ್ಲಿ ಪದ ಹುಡುಕಲಾಗದು. ಹಳೆಯ ‘ನುಡಿ’, ‘ಬರಹ’ ಫಾಂಟುಗಳಲ್ಲಿ ಟೈಪಾದ ಪಠ್ಯವನ್ನು ಯೂನಿಕೋಡಿಗೆ ಬದಲಾಯಿಸದಿದ್ದರೆ ಶೋಧಯಂತ್ರಗಳಿಗೆ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿಯೇ ಕಾಣುತ್ತದೆ.

ಕನ್ನಡವನ್ನು ಜಗತ್ತಿನ ಭಾಷೆಗಳ ನಡುವೆ ಇಟ್ಟು ನೋಡಲು ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ‘ಭಾಷಾ ರಚನೆಗಳ ವಿಶ್ವ ಭೂಪಟ’ ನೆರವಾಗುತ್ತದೆ. 2005ರಲ್ಲಿ ಪುಸ್ತಕವಾಗಿ, 2008ರಲ್ಲಿ ಜಾಲತಾಣವಾಗಿ ಬಂದ ಇದರಲ್ಲಿ 2,600ಕ್ಕೂ ಹೆಚ್ಚು ಭಾಷೆಗಳಿವೆ. ವಾಕ್ಯದ ಪದಕ್ರಮದ ಭೂಪಟದಲ್ಲಿ ಕನ್ನಡದಂತೆ ಕರ್ತೃ, ಕರ್ಮ, ಕ್ರಿಯಾಪದ ಎಂಬ ಕ್ರಮವಿರುವ ಭಾಷೆಗಳೇ ಎಲ್ಲಕ್ಕಿಂತ ಹೆಚ್ಚು. ಆದರೆ ಎಲ್ಲ ಲಕ್ಷಣಗಳಿಗೂ ಎಲ್ಲ ಭಾಷೆಗಳ ಮಾಹಿತಿಯಿಲ್ಲ, ಖಾಲಿ ಮನೆಗಳು ಬಹಳ. ಭಾಷಾವಂಶಗಳ ವರ್ಗೀಕರಣಕ್ಕೆ ‘ಗ್ಲಾಟೊಲಾಗ್’ ಇದೆ. 2018ರಲ್ಲಿ ರಾಯಲ್ ಸೊಸೈಟಿಯ ಮುಕ್ತ ಪತ್ರಿಕೆಯೊಂದರಲ್ಲಿ ಬಂದ ಸಂಶೋಧನೆ 20 ದ್ರಾವಿಡ ಭಾಷೆಗಳ ಮೂಲಪದಗಳನ್ನು ಸಂಖ್ಯಾಶಾಸ್ತ್ರದ ವಿಧಾನದಿಂದ ಹೋಲಿಸಿ ಈ ವಂಶಕ್ಕೆ ಸುಮಾರು 4,500 ವರ್ಷ ವಯಸ್ಸೆಂದು ಅಂದಾಜಿಸಿತು. ಇದೂ ಊಹೆಯ ಕಡೆಗೇ ಸೇರುವಂಥದು.

ಬರಹದಲ್ಲಿ ಕಾಣದ್ದನ್ನು ಕಿವಿಯೇ ತಿಳಿಯಬೇಕು. ತೋಡ ಭಾಷೆಯಲ್ಲಿ ಮೂರು ಸ್ಥಾನಗಳ ಕಂಪಿತ ರಕಾರಗಳಿದ್ದು, ಪ್ರತಿಯೊಂದಕ್ಕೂ ತಾಲವ್ಯೀಕೃತ ಜೋಡಿಯುಂಟು, ಒಟ್ಟು ಆರು. ಪೀಟರ್ ಲ್ಯಾಡೆಫೋಗೆಡ್, ಪೆರಿ ಭಾಸ್ಕರರಾವ್ ಮೊದಲಾದವರು ಇವನ್ನು ಅಧ್ಯಯನ ಮಾಡಿದ್ದಾರೆ. ಲ್ಯಾಡೆಫೋಗೆಡರ ಧ್ವನಿವಿಜ್ಞಾನ ಪುಸ್ತಕದ ಜಾಲಪುಟಗಳಲ್ಲಿ ತೋಡ ಧ್ವನಿಗಳನ್ನು ಕೇಳಬಹುದು. ಎಮಿನೋ ಬಳಸಿದ ಸಂಕೇತಗಳು ಅವನ್ನು ಕೇಳಿದ ಮೇಲೆಯೇ ಮನದಟ್ಟಾಗುವುದು.

ಸಣ್ಣ ಭಾಷೆಗಳ ವಿಷಯದಲ್ಲಿ ಜಾಲ ಇನ್ನೂ ಬಡವಾಗಿದೆ. ಯುನೆಸ್ಕೋ ತನ್ನ 2010ರ ಭೂಪಟದಲ್ಲಿ ಕೊಡವವನ್ನೂ ತುಳುವನ್ನೂ ಅಪಾಯಕ್ಕೆ ಸಿಲುಕಿದ ಭಾಷೆಗಳ ಸಾಲಿನಲ್ಲಿ ಸೇರಿಸಿತ್ತು. ಕೊರಗ, ಸೋಲಿಗ ಮುಂತಾದ ನುಡಿಗಳಿಗೆ ಹುಡುಕಬಲ್ಲ ನಿಘಂಟಾಗಲಿ ಸಾಕಷ್ಟು ಧ್ವನಿಮುದ್ರಿಕೆಯಾಗಲಿ ಸುಲಭವಾಗಿ ಸಿಗದು. ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ಭಾಷೆಗಳನ್ನು ದಾಖಲಿಸಲು ಮೈಸೂರಿನ ಕೇಂದ್ರ ಸಂಸ್ಥಾನದ ಮೂಲಕ 2013ರಲ್ಲಿ ಯೋಜನೆಯೊಂದು ಆರಂಭವಾಯಿತು. ವ್ಯಾಕರಣ, ನಿಘಂಟು ಮತ್ತು ಜನಾಂಗದ ಬದುಕಿನ ವಿವರ ಸಂಗ್ರಹಿಸುವುದು ಅದರ ಉದ್ದೇಶ.