ಬೋರಿಂಗ್‌ಗೆ ಮುನ್ನ ಕಂಪ್ರೆಷನ್ ಅಳೆಯಿರಿ: ಹಳೆಯ ಜಾವಾ, ಯೆಜ್ಡಿ ಮಾಲೀಕರಿಗೆ ಕೈಪಿಡಿ

ಹುಳಿಯಾರು: ಅಟ್ಟದ ಮೇಲಿನ ಕಾಯಿ ಒಣಗಿ ಕೊಬ್ಬರಿಯಾಗಿದೆಯೇ ಎಂಬುದನ್ನು ತೆಂಗಿನ ಸೀಮೆಯ ಜನ ಅಲ್ಲಾಡಿಸಿ ನೋಡಿಯೇ ಹೇಳುತ್ತಾರೆ. ಹಳೆಯ ಮೋಟಾರ್ ಸೈಕಲ್‌ಗಳ ವಿಷಯದಲ್ಲೂ ಇಂಥದೇ ಅಂದಾಜು ರೂಢಿಯಲ್ಲಿದೆ. ಕಿಕ್ಕರ್ ಹಗುರವಾಗಿ ಕೆಳಗಿಳಿದರೆ ‘ಕಂಪ್ರೆಷನ್ ಹೋಗಿದೆ, ಬೋರಿಂಗ್ ಮಾಡಿಸಬೇಕು’ ಎಂದು ತೀರ್ಮಾನಿಸಲಾಗುತ್ತದೆ. ಈ ಅಂದಾಜು ತಪ್ಪಿದರೆ ಆಗುವ ನಷ್ಟ ಕೇವಲ ಹಣದ್ದಲ್ಲ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಉತ್ಪಾದನೆ ಆರಂಭಿಸಿ 1996ರಲ್ಲಿ ಬಾಗಿಲು ಮುಚ್ಚಿತು. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಮಾರುಕಟ್ಟೆಗೆ ಮರಳಿದರೂ ಆ ವಾಹನಗಳದ್ದು ನಾಲ್ಕು ಸ್ಟ್ರೋಕ್‌ನ ಬೇರೆಯದೇ ಎಂಜಿನ್. ಬೋರಿಂಗ್ ಮಾಡಿಸಿದಾಗಲೆಲ್ಲ ಹಳೆಯ ಸಿಲಿಂಡರ್‌ನ ಲೋಹ ಒಂದಿಷ್ಟು ಸವೆಯುತ್ತದೆ. ಅದನ್ನು ಮರಳಿ ತುಂಬಲಾಗದು. ಆದ್ದರಿಂದ ಮೊದಲು ಅಳತೆ, ಅನಂತರ ಚಿಕಿತ್ಸೆ.

ಪರೀಕ್ಷೆಯ ಕ್ರಮ

ಬೇಕಾದದ್ದು ಕಂಪ್ರೆಷನ್ ಗೇಜ್ ಹಾಗೂ 14 ಮಿ.ಮೀ. ಪ್ಲಗ್ ಮರೆಗೆ ಹೊಂದುವ ಅಡಾಪ್ಟರ್. ಅಡಾಪ್ಟರ್ ಮರೆ ಪ್ಲಗ್ ಮರೆಗಿಂತ ಉದ್ದವಿರಬಾರದು. ಇದ್ದರೆ ಪಿಸ್ಟನ್‌ಗೆ ತಗುಲಬಹುದು.

1. ಎಂಜಿನ್ ಐದಾರು ನಿಮಿಷ ಓಡಿಸಿ ಬಿಸಿ ಮಾಡಿ ನಿಲ್ಲಿಸಬೇಕು. ಗೇರ್ ನ್ಯೂಟ್ರಲ್‌ನಲ್ಲಿರಲಿ. ಜಾವಾದಲ್ಲಿ ಕಿಕ್ಕರ್ ಮತ್ತು ಗೇರ್ ಲಿವರ್ ಒಂದೇ ಆಗಿರುವುದರಿಂದ ಇದನ್ನು ಮರೆಯಬಾರದು.
2. ಪ್ಲಗ್ ಸುತ್ತಲಿನ ಧೂಳು ಒರೆಸಿ, ಪ್ಲಗ್ ಬಿಚ್ಚಿ ಗೇಜ್ ಕೂಡಿಸಬೇಕು. ಕಿಡಿ ಹಾರದಂತೆ ಕೀ ಆಫ್ ಆಗಿರಬೇಕು.
3. ಚೋಕ್ ತೆಗೆದು ಎಕ್ಸಲರೇಟರನ್ನು ಪೂರ್ತಿ ತಿರುಗಿಸಿ ಹಿಡಿಯಬೇಕು. ಇಲ್ಲದಿದ್ದರೆ ಗಾಳಿ ಒಳಬಾರದೆ ಒತ್ತಡ ಸುಳ್ಳೇ ಕಡಿಮೆ ತೋರುತ್ತದೆ.
4. ಮುಳ್ಳು ಏರುವುದು ನಿಲ್ಲುವವರೆಗೆ ಆರೇಳು ಬಾರಿ ಜೋರಾಗಿ ಕಿಕ್ ಮಾಡಿ ಅಂಕಿ ಬರೆದುಕೊಳ್ಳಬೇಕು. ಎರಡು, ಮೂರು ಸಲ ಅಳೆಯುವುದು ಒಳಿತು.

ಅಂಕಿ ಏನು ಹೇಳುತ್ತದೆ?

ಇಂಥ ಹಳೆಯ ಎರಡು ಸ್ಟ್ರೋಕ್ ಎಂಜಿನ್‌ನಲ್ಲಿ ನೂರು ಪಿಎಸ್‌ಐ (ಚದರ ಸೆಂಟಿಮೀಟರಿಗೆ ಸುಮಾರು 7 ಕಿಲೋ) ಆಸುಪಾಸಿನ ಒತ್ತಡ ಸಮಾಧಾನಕರ. ಅದಕ್ಕಿಂತ ತೀರಾ ಕೆಳಗಿದ್ದರೆ ಕಾರಣ ಹುಡುಕಬೇಕು. ಸಮುದ್ರ ಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಈ ಬಯಲುಸೀಮೆಯಲ್ಲಿ ಗಾಳಿಯ ಒತ್ತಡವೇ ಶೇ 9ರಷ್ಟು ಕಡಿಮೆ. ಕರಾವಳಿಯಲ್ಲಿ 110 ತೋರುವ ಎಂಜಿನ್ ಇಲ್ಲಿ 100 ತೋರಿದರೆ ಅದು ದೋಷವಲ್ಲ.

ಒತ್ತಡ ಕಡಿಮೆ ಬಂದರೆ ಪ್ಲಗ್ ರಂಧ್ರದ ಮೂಲಕ ಒಂದು ಚಹಾ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೊಮ್ಮೆ ಅಳೆಯಬೇಕು. ಆಯಿಲ್ ಹೆಚ್ಚಾದರೆ ಅದೇ ಜಾಗ ತುಂಬಿಕೊಂಡು ತಪ್ಪು ಅಂಕಿ ಬರುತ್ತದೆ. ಒತ್ತಡ ಗಮನಾರ್ಹವಾಗಿ ಏರಿದರೆ ದೋಷ ರಿಂಗ್ ಅಥವಾ ಸಿಲಿಂಡರ್‌ನಲ್ಲಿದೆ. ಏರದಿದ್ದರೆ ಹೆಡ್ ಗ್ಯಾಸ್ಕೆಟ್ ಸೋರುತ್ತಿರಬಹುದು. ಹೆಡ್ಡಿನ ಸಂದಿಗೆ ಸೋಪಿನ ನೀರು ಹಚ್ಚಿ ಕಿಕ್ ಮಾಡಿದಾಗ ಗುಳ್ಳೆ ಎದ್ದರೆ ಅನುಮಾನ ಖಚಿತ.

ರಿಂಗ್ ದೋಷವೆಂದರೆ ಬೋರಿಂಗ್ ಎಂದೇ ಅರ್ಥವಲ್ಲ. ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಈ ಎಂಜಿನ್‌ಗಳಲ್ಲಿ ಮಸಿ ಕಟ್ಟಿ ರಿಂಗ್ ಗಾಡಿಯಲ್ಲೇ ಕಚ್ಚಿಕೊಳ್ಳುವುದುಂಟು. ಮಸಿ ತೆಗೆದು, ಅಗತ್ಯವಿದ್ದರೆ ಹೊಸ ರಿಂಗ್ ಹಾಕಿದರೆ ಸಾಕಾಗಬಹುದು. ಸಿಲಿಂಡರ್ ಬಿಚ್ಚಿ ಬೋರ್ ಗೇಜ್‌ನಿಂದ ಸವೆತ ಅಳೆದ ಮೇಲೆಯೇ ಬೋರಿಂಗ್‌ನ ಮಾತು.

ಗೇಜ್ ಹೇಳದ ಸಂಗತಿ

ಎರಡು ಸ್ಟ್ರೋಕ್ ಎಂಜಿನ್‌ನಲ್ಲಿ ಕ್ರ್ಯಾಂಕ್ ಕೋಣೆಯೂ ಗಾಳಿ ಸೋರದಂತಿರಬೇಕು. ಅಲ್ಲಿನ ಆಯಿಲ್ ಸೀಲ್ ಹಳಸಿದ್ದರೂ ಗೇಜ್‌ನಲ್ಲಿ ಒತ್ತಡ ಸರಿಯಾಗಿಯೇ ಕಾಣಬಹುದು. ಐಡ್ಲಿಂಗ್ ಏರುಪೇರಾಗುವುದು, ಗೇರ್ ಬಾಕ್ಸ್ ಆಯಿಲ್ ಕಡಿಮೆಯಾಗುತ್ತ ಹೊಗೆ ಹೆಚ್ಚುವುದು ಅದರ ಲಕ್ಷಣ. ಇದಕ್ಕೆ ಬೋರಿಂಗ್ ಮಾಡಿಸಿ ಪ್ರಯೋಜನವಿಲ್ಲ.

ಬುಲೆಟ್‌ನಂಥ ನಾಲ್ಕು ಸ್ಟ್ರೋಕ್ ಎಂಜಿನ್‌ನಲ್ಲಿ ಆಯಿಲ್ ಬಿಟ್ಟರೂ ಒತ್ತಡ ಏರದಿದ್ದರೆ ವಾಲ್ವ್‌ಗಳನ್ನೂ ಪರೀಕ್ಷಿಸಬೇಕು. ಅಳೆಯುವಾಗ ಡಿಕಂಪ್ರೆಸರ್ ಲಿವರ್ ಒತ್ತಿರಬಾರದು.

ಇಂದಿನ ಅಂಕಿಯನ್ನು ದಿನಾಂಕ ಸಹಿತ ಬರೆದಿಟ್ಟು ವರ್ಷಕ್ಕೊಮ್ಮೆ ಅದೇ ಗೇಜ್‌ನಿಂದ ಅಳೆಯುವುದು ಸೂಕ್ತ. ಒಂದು ಸಲದ ಅಂಕಿಗಿಂತ ವರ್ಷದಿಂದ ವರ್ಷಕ್ಕೆ ಆಗುವ ಇಳಿಕೆಯೇ ಎಂಜಿನ್‌ನ ನಿಜಸ್ಥಿತಿ ತಿಳಿಸುತ್ತದೆ.